ಕುಂಬಳದೆಲೆಯ ಮೇಲಿನ ಹಿಟ್ಟು

ದೂರು ಬಂದಾಗ ಮನುಷ್ಯ ಮಾಡುವ ಮೊದಲ ಕೆಲಸ ‘ನಾನಲ್ಲ’ ಎನ್ನುವುದು. ಎರಡನೆಯದು, ಪಕ್ಕದಲ್ಲಿ ನಿಂತವನ ಮುಖ ನೋಡುವುದು. ಇದರಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಆದರೆ ಹಿಟ್ಟಣ್ಣನ ರೀತಿಯೇ ಬೇರೆ. ತನ್ನ ಮೇಲೆ ದೂರು ಹೊತ್ತು ಬಂದವರಿಗೆ ಅವನು ಸ್ಟೂಲು ಒರೆಸಿ ಕೂರಿಸಿದ, ಒಳಗಿನಿಂದ ಟೀ ತರಿಸಿದ, ಆಮೇಲೆ ಎದುರಿಗೆ ಕೈಕಟ್ಟಿ ನಿಂತು “ಇನ್ನೊಂದ್ಸಲ ಹೇಳಿ” ಎಂದು ಕೇಳಿಕೊಂಡ. ಎರಡನೆಯ ಸಲ ಕೇಳುವ ಹೊತ್ತಿಗೆ ಅವನ ಕಣ್ಣು ತುಂಬಿ ಬಂದಿತ್ತು.

ಇದಕ್ಕೆ ಕಾರಣ ತಿಳಿಯಬೇಕಾದರೆ ಅವನ ಹಿಟ್ಟಿನ ಗಿರಣಿಯ ವಿಷಯ ಸ್ವಲ್ಪ ಹೇಳಬೇಕು. ಬೀದಿಯ ತಿರುವಿನಲ್ಲಿ ಒಂದು ಉದ್ದನೆಯ ಮನೆ. ಮುಂದಿನ ಕೋಣೆಯಲ್ಲಿ ಮೋಟಾರು, ಬೆಲ್ಟು, ಬೀಸುವ ಕಲ್ಲು. ಹಿಂದಿನ ಎರಡು ಕೋಣೆಗಳಲ್ಲಿ ಹಿಟ್ಟಣ್ಣ ಮತ್ತು ಅವನ ಹೆಂಡತಿಯ ಸಂಸಾರ. ಗೋಧಿ, ಜೋಳ, ಅಕ್ಕಿ ಏನೇ ತಂದರೂ ಅವನು ಬೀಸಿ ಕೊಡುತ್ತಿದ್ದ. ಬೀಸುವಾಗ ಊರಿನ ಸಮಾಚಾರವನ್ನೆಲ್ಲ ಕೇಳುತ್ತಿದ್ದ, ತನ್ನದನ್ನೂ ಹೇಳುತ್ತಿದ್ದ. ಹಾಗೆ ಹೇಳುತ್ತಾ ಹೇಳುತ್ತಾ ಕಲ್ಲುಗಳನ್ನು ಹತ್ತಿರ ತರುವ ತಿರುಪನ್ನು ಮರೆಯುತ್ತಿದ್ದ. ಹೀಗಾಗಿ ಹಿಟ್ಟು ಬರುವುದು ತರಿತರಿಯಾಗಿ. ಅವನ ಹೆಂಡತಿಯೇ ಆ ಹಿಟ್ಟನ್ನು ಜರಡಿ ಹಿಡಿಯದೆ ಕಲಸುತ್ತಿರಲಿಲ್ಲ. ಜರಡಿಯಲ್ಲಿ ಉಳಿದದ್ದು ಹಿತ್ತಲಿನ ಕೋಳಿಗಳಿಗೆ ಹೋಗುತ್ತಿತ್ತು. ಆ ಬೀದಿಯಲ್ಲಿ ಅಷ್ಟು ದಪ್ಪ ಕೋಳಿಗಳು ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ಹಿಟ್ಟು ತರಿ ಎಂದು ಹಿಟ್ಟಣ್ಣನಿಗೆ ಒಳಗೊಳಗೇ ಗೊತ್ತಿತ್ತು. ಆದರೆ ಯಾರೂ ಎದುರಿಗೆ ಹೇಳಿರಲಿಲ್ಲವಾದ್ದರಿಂದ, ಬೇರೆ ಯಾರಿಗೂ ಗೊತ್ತಿಲ್ಲ ಎಂದು ನಂಬಿಕೊಂಡು ಅವನು ಸುಖವಾಗಿದ್ದ. ಈಚೆಗೆ ಕೆಳಗಿನ ಬೀದಿಯಲ್ಲಿ ಒಂದು ಹೊಸ ಗಿರಣಿ ತೆರೆದಿದ್ದರು. ಅಲ್ಲಿ ಥಳಥಳಿಸುವ ಸ್ಟೀಲಿನ ಯಂತ್ರ, ಬಾಗಿಲ ಮೇಲೆ ‘ರೇಷ್ಮೆಯಂಥ ಹಿಟ್ಟು’ ಎಂಬ ಬೋರ್ಡು. ಆ ಬೋರ್ಡು ಓದಿ ಬಂದ ದಿನ ಹಿಟ್ಟಣ್ಣ ಊಟದ ತಟ್ಟೆ ಮುಂದೆ ಸುಮ್ಮನೆ ಕೂತಿದ್ದ. “ಹಿಟ್ಟಿಗೂ ರೇಷ್ಮೆಗೂ ಏನೇ ಸಂಬಂಧ?” ಎಂದು ಹೆಂಡತಿಯನ್ನು ಕೇಳಿದ್ದ. ಅವಳು ಜರಡಿಯನ್ನು ಮೊಳೆಗೆ ನೇತುಹಾಕಿ, “ಏನೂ ಇಲ್ಲ ಬಿಡಿ, ಊಟ ಮಾಡಿ” ಎಂದಿದ್ದಳು.

ಇಂಥ ಹೊತ್ತಿನಲ್ಲಿ ಮೇಷ್ಟ್ರು ದೂರು ತಂದರು.

ಮೇಷ್ಟ್ರ ಮನೆ ಗಿರಣಿಯ ಹಿಂದಿನ ಓಣಿಯಾಚೆ. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ತಮ್ಮಲ್ಲಿ ಉಳಿದಿದ್ದ ಶಿಸ್ತನ್ನೆಲ್ಲ ಕುಂಬಳದ ಬಳ್ಳಿಗಳ ಮೇಲೆ ಪ್ರಯೋಗಿಸುತ್ತಿದ್ದರು. ವರ್ಷಕ್ಕೊಮ್ಮೆ ನಡೆಯುವ ತರಕಾರಿ ಪ್ರದರ್ಶನದಲ್ಲಿ ಅತಿ ದೊಡ್ಡ ಕುಂಬಳಕ್ಕೆ ಬಹುಮಾನವಿತ್ತು. ಮೇಷ್ಟ್ರಿಗೆ ಪ್ರತಿ ಸಲವೂ ಎರಡನೇ ಸ್ಥಾನ. ಈ ವರ್ಷ ಏನಾದರಾಗಲಿ ಎಂದು ಅವರು ಗೋಡೆಯ ನೆರಳಿನಲ್ಲಿ ಬಳ್ಳಿಗಳನ್ನು ಒಂದರ ಪಕ್ಕ ಒಂದು ಒತ್ತಾಗಿ ಹಬ್ಬಿಸಿದ್ದರು. ಆ ದಿನ ಅವರು ಒಂದು ಎಲೆಯನ್ನು ತೊಟ್ಟಿನ ತುದಿಯಲ್ಲಿ ಹಿಡಿದು, ಸೊನ್ನೆ ಬಿದ್ದ ಉತ್ತರಪತ್ರಿಕೆಯನ್ನು ತೋರಿಸುವ ಹಾಗೆ ತೋರಿಸಿದರು.

“ಏನಿದು?”

“ಕುಂಬಳದೆಲೆ, ಮೇಷ್ಟ್ರೇ.”

“ಅದರ ಮೇಲೆ ಏನಿದೆ?”

ಎಲೆಯ ಮೇಲೆ ಬೆಳ್ಳಗೆ, ಯಾರೋ ಸೋಸಿ ಉದುರಿಸಿದಂತೆ ಪುಡಿ ಹರಡಿತ್ತು.

“ನಿಮ್ಮ ಗಿರಣಿ ಹಿಟ್ಟು!” ಮೇಷ್ಟ್ರ ಧ್ವನಿ ಹಿಂದಿನ ಬೆಂಚಿಗೂ ಕೇಳಿಸುವಂತಿತ್ತು. “ಗಾಳಿಯಲ್ಲಿ ಹಾರಿ ಬಂದು ನನ್ನ ಬಳ್ಳಿ ಮೇಲೆ ಕೂತಿದೆ. ಇವತ್ತು ಒರೆಸಿದ್ರೆ ಮತ್ತೆ ಬಂದು ಕೂರುತ್ತೆ!”

“ಹಾರಿ?” ಎಂದ ಹಿಟ್ಟಣ್ಣ.

“ಹಾರಿ!”

“ಗೋಡೆ ದಾಟಿ?”

“ನಿಮ್ಮ ಗೋಡೆ, ಓಣಿ, ನನ್ನ ಗೋಡೆ, ಎಲ್ಲಾನೂ ದಾಟಿ!”

ಆಗಲೇ ಹಿಟ್ಟಣ್ಣ ಸ್ಟೂಲು ಒರೆಸಿದ್ದು, ಟೀ ತರಿಸಿದ್ದು. ಆಮೇಲೆ ಆ ಪುಡಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತೆಗೆದುಕೊಂಡು ಕಣ್ಣುಮುಚ್ಚಿ ತಿಕ್ಕಿದ. ಹಿಟ್ಟಿನ ಗುಣ ನೋಡುವುದು ಹಾಗೆಯೇ. ಬೆರಳಿಗೆ ಒಂದೇ ಒಂದು ತರಿ ಸಿಗಲಿಲ್ಲ. ಇಷ್ಟು ವರ್ಷ ಬೀಸಿದ್ದರಲ್ಲಿ ಇಂಥದ್ದು ಅವನ ಬೆರಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಪಾಪ, ಅವನಿಗೆ ಹೊಳೆದದ್ದು ಇಷ್ಟೇ: ನುಣ್ಣನೆಯ ಹಿಟ್ಟೆಲ್ಲ ಗಾಳಿಗೆ ಹಾರಿಹೋಗುತ್ತಿದೆ, ಡಬ್ಬಕ್ಕೆ ಬೀಳುತ್ತಿರುವುದು ಉಳಿದ ತರಿ.

“ಮೇಷ್ಟ್ರೇ,” ಎಂದ ಗದ್ಗದಿತನಾಗಿ, “ಇದು ನಂದೇ.”

ವಾದಕ್ಕೆಂದು ಸಿದ್ಧರಾಗಿ ಬಂದಿದ್ದ ಮೇಷ್ಟ್ರಿಗೆ ಭಾರಿ ನಿರಾಶೆಯಾಯಿತು. ಜಗಳವಾಡಲು ಒಬ್ಬರಿಂದ ಆಗುವುದಿಲ್ಲ. ಅವರು ಟೀ ಕುಡಿದು, ಎಲೆಯನ್ನು ಅಲ್ಲೇ ಮರೆತು, ಗೆದ್ದೆನೋ ಸೋತೆನೋ ತಿಳಿಯದೆ ಮನೆಗೆ ಹೋದರು.

ಸುದ್ದಿ ಬೀದಿಯಲ್ಲಿ ಹಬ್ಬಿತು. ಮಾರನೆಯ ದಿನ ಎದುರು ಮನೆಯ ಟೈಲರಮ್ಮ ಬಂದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇಡೀ ಬೀದಿಯ ಸುದ್ದಿ ಹೇಳಬಲ್ಲ ಹೆಂಗಸು. ಅವರ ಕೈಯಲ್ಲಿ ಗುಲಾಬಿಯ ಕೊಂಬೆ ಇತ್ತು. ಎಲೆ, ಮೊಗ್ಗು ಎಲ್ಲ ಬೆಳ್ಳಗೆ.

“ಹಿಟ್ಟಣ್ಣ, ಇದೂ ನಿಮ್ಮದೇನಾ?”

ಹಿಟ್ಟಣ್ಣ ಬೆರಳಿನಲ್ಲಿ ತಿಕ್ಕಿ, ಮೂಸಿ, ಬೆಳಕಿಗೆ ಹಿಡಿದು ಹೇಳಿದ: “ಮಂಗಳವಾರದ ಗೋಧಿ. ಕುಂಬಳದ ಮೇಲೆ ಕೂತಿದ್ದು ಅಕ್ಕಿ. ಅಕ್ಕಿ ಹಗುರ ನೋಡಿ, ದೂರ ಹೋಗುತ್ತೆ.”

“ಅಬ್ಬಾ! ಎಲೆ ನೋಡಿ ವಾರ ಹೇಳ್ತೀರಲ್ಲ!”

“ಕಸುಬು, ಟೈಲರಮ್ಮ,” ಎಂದು ಹಿಟ್ಟಣ್ಣ ವಿನಯದಿಂದ ತಲೆ ಬಗ್ಗಿಸಿದ.

ಆಗ ಮನೆಯಲ್ಲಿ ಅವನ ಬಾವಮೈದನೂ ಇದ್ದ. ಹೆಂಡತಿಯ ತಮ್ಮನಾದ ಈತ ಎರಡು ದಿನಕ್ಕೆಂದು ಬಂದು ನೆಲೆ ನಿಂತಿದ್ದ. ಯಾವ ಕೆಲಸದಲ್ಲೂ ಅವನು ನಿಂತವನಲ್ಲ, ಆದರೆ ಎಲ್ಲ ಕೆಲಸದ ಬಗ್ಗೆಯೂ ಅವನಲ್ಲಿ ಸಲಹೆ ಇರುತ್ತಿತ್ತು.

“ಬಾವ, ಇದನ್ನ ಹೀಗೇ ಬಿಡೋದಾ?” ಎಂದ ಅವನು. “ಅವರು ಬೋರ್ಡು ಹಾಕಿದ್ದಾರೆ, ನೀವು ಸಾಕ್ಷಿ ಹಾಕಿ. ಈ ಎಲೆಗಳನ್ನ ದಾರಕ್ಕೆ ಕಟ್ಟಿ ಬಾಗಿಲಿಗೆ ತೂಗುಹಾಕಿ. ಬಂದವರು ಮುಟ್ಟಿ ನೋಡಲಿ.”

ಸಂಜೆಯೊಳಗೆ ಗಿರಣಿಯ ಬಾಗಿಲಲ್ಲಿ ಕುಂಬಳ, ಗುಲಾಬಿ, ಸೌತೆ, ಬಟಾಣಿ, ಹೀಗೆ ಬೀದಿಯ ಬಿಳಿ ಎಲೆಗಳೆಲ್ಲ ಸಾಲಾಗಿ ತೂಗಾಡಿದವು. ಜನ ಮುಟ್ಟಿ ನೋಡಿದರು. ನೋಡಿದವರೆಲ್ಲ “ಅಬ್ಬಬ್ಬಾ, ಏನು ನುಣುಪು!” ಎಂದರು. ಕೆಳಗಿನ ಬೀದಿಗೆ ಹೊರಟಿದ್ದ ಡಬ್ಬಗಳು ತಿರುವಿನಲ್ಲೇ ನಿಂತವು. ಹಿಟ್ಟಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀಸುತ್ತಾ ಬೀಸುತ್ತಾ ಮೊದಲಿಗಿಂತ ಹೆಚ್ಚು ಮಾತಾಡಿದ, ತಿರುಪನ್ನು ಮೊದಲಿಗಿಂತ ಹೆಚ್ಚು ಮರೆತ.

ಹೆಂಡತಿ ಮಾತ್ರ ಒಳಬಾಗಿಲಲ್ಲಿ ನಿಂತು, “ರೀ, ಅಷ್ಟು ನುಣ್ಣಗಿನ ಹಿಟ್ಟು ಆಚೆ ಬೀದಿಗೆ ಹಾರುತ್ತೆ, ನಮ್ಮ ಅಡುಗೆಮನೆಗೆ ಯಾಕೆ ಹಾರಲ್ಲ?” ಎಂದಳು.

“ಗಾಳಿ ಆ ಕಡೆಗೆ ಕಣೇ,” ಎಂದ ಹಿಟ್ಟಣ್ಣ.

ಅಷ್ಟರಲ್ಲಿ ಮೇಷ್ಟ್ರ ಬಳ್ಳಿಯ ಎಲೆಗಳು ಬಿಳುಪಿನ ಕೆಳಗೆ ಹಳದಿಯಾಗತೊಡಗಿದವು. ಕೆಲವು ಮುದುಡಿ ಒಣಗಿದವು. ಬೆಳೆಯಬೇಕಾಗಿದ್ದ ಕುಂಬಳ ಇದ್ದಲ್ಲೇ ನಿಂತಿತು. ಅತ್ತ ಟೈಲರಮ್ಮನ ಗುಲಾಬಿ ಮೊಗ್ಗು ಅರಳದೆ ಸೊಟ್ಟಗಾದವು. ಎಲೆಯ ಮೇಲೆ ಕೂತ ಹಿಟ್ಟು ಎದೆಯೊಳಗೂ ಕೂತಿರಬೇಕಲ್ಲ ಎಂದು ಅವರಿಗೆ ಹೊಳೆಯಿತು. ಹೊಳೆದ ಕ್ಷಣದಿಂದಲೇ ಕೆಮ್ಮು ಶುರುವಾಯಿತು. ಇಬ್ಬರೂ ಸೇರಿ ಪುರಸಭೆಗೆ ದೂರು ಕೊಟ್ಟರು.

ಆರೋಗ್ಯ ಇನ್‌ಸ್ಪೆಕ್ಟರು ತೆಳ್ಳಗಿನ, ದಣಿದ ಮನುಷ್ಯ. ಬಾಗಿಲಲ್ಲಿ ತೂಗಾಡುತ್ತಿದ್ದ ಎಲೆಗಳನ್ನು ಕಂಡು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ನನ್ನ ಸರ್ವಿಸ್‌ನಲ್ಲಿ ಎಷ್ಟೋ ಕಾರ್ಖಾನೆ ನೋಡಿದೀನಿ ಕಣಯ್ಯಾ. ಚಿಮಣಿ ತಲೆ ಮೇಲೇ ಹೊಗೆ ಬಿಡ್ತಿದ್ರೂ ‘ಈ ಹೊಗೆ ನಮ್ಮದಲ್ಲ ಸಾರ್’ ಅಂತಾರೆ. ತನ್ನ ಅಪರಾಧಾನ ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿದೋನು ನೀನೇ ಮೊದಲು.”

“ಮುಟ್ಟಿ ನೋಡಿ ಸಾರ್,” ಎಂದ ಹಿಟ್ಟಣ್ಣ.

“ಇದು ನಿನ್ನ ಗಿರಣಿ ಹಿಟ್ಟು ಅಂತ ಒಪ್ಕೋತೀಯಾ?”

“ಒಪ್ಪೋದೇನು ಸಾರ್, ಹೆಮ್ಮೆಯಿಂದ ಹೇಳ್ತೀನಿ!”

“ಮನೆಗಳ ಮೇಲೆಲ್ಲ ಹಾರುತ್ತೆ?”

“ಗಾಳಿ ಇದ್ರೆ ಇನ್ನೂ ದೂರ ಹೋಗುತ್ತೆ ಸಾರ್!” ಎಂದು ಬಾವಮೈದ ಬಾಯಿ ಹಾಕಿದ.

ಇನ್‌ಸ್ಪೆಕ್ಟರು ಮೋಟಾರಿನ ಸ್ವಿಚ್ಚಿಗೆ ಅರಗಿನ ಮೊಹರು ಒತ್ತಿದರು. ವಿಚಾರಣೆ ಮುಗಿಯುವವರೆಗೆ ಗಿರಣಿ ಬಂದ್. ಹಿಟ್ಟು ಹಾರುವುದು ನಿಜವಾದರೆ ಗಿರಣಿ ಜನವಸತಿಯ ಬೀದಿಯಲ್ಲಿರುವಂತಿಲ್ಲ; ಊರಾಚೆ, ಇಟ್ಟಿಗೆ ಗೂಡುಗಳ ಪಕ್ಕಕ್ಕೆ ಹೋಗಬೇಕು. ಅಲ್ಲಿ ಇಟ್ಟಿಗೆ ಬಿಟ್ಟರೆ ಬೇರೆ ಗಿರಾಕಿಗಳಿರಲಿಲ್ಲ.

ಮೋಟಾರಿನ ಸದ್ದು ನಿಂತ ಮನೆಯಲ್ಲಿ ಹಿಟ್ಟಣ್ಣನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ ಅವನು ಹೆಂಡತಿಯ ಹತ್ತಿರ ಉಪ್ಪು ಕೇಳಿದರೂ ಮೂರು ಮನೆಗೆ ಕೇಳಿಸುತ್ತಿತ್ತು.

“ರೀ, ಹೋಗಿ ನಿಜ ಹೇಳಿಬಿಡಿ,” ಎಂದಳು ಹೆಂಡತಿ. “ನಮ್ಮ ಹಿಟ್ಟು ಹಾರಲ್ಲ. ಊದಿದ್ರೂ ಹಾರಲ್ಲ.”

“ಹಾಗಂದ್ರೆ ನಮ್ಮ ಹಿಟ್ಟು ತರಿ ಅಂತ ನಾನೇ ಬೀದಿಗೆ ಸಾರಬೇಕು. ಆಮೇಲೆ ಯಾರೇ ಬರ್ತಾರೆ?”

“ಇಟ್ಟಿಗೆ ಗೂಡಿನ ಹತ್ರ ಯಾರು ಬರ್ತಾರೆ?”

ಗಿರಣಿ ಉಳಿಯಬೇಕಾದರೆ ಮಾನ ಹೋಗಬೇಕು, ಮಾನ ಉಳಿಯಬೇಕಾದರೆ ಗಿರಣಿ ಹೋಗಬೇಕು. ಎರಡನ್ನೂ ಉಳಿಸಿಕೊಳ್ಳುವ ದಾರಿಯೊಂದು ಇದ್ದೇ ಇರುತ್ತದೆ ಎಂದು ಅವನು ಗೋಡೆ ನೋಡುತ್ತಾ ಕೂತ.

ಈ ನಡುವೆ ಒಂದು ವಿಚಿತ್ರ ನಡೆಯಿತು. ಗಿರಣಿ ಬಂದ್ ಆಗಿದ್ದರೂ ಎಲೆಗಳ ಬಿಳುಪು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಸ್ವಲ್ಪ ಬುದ್ಧಿ ಇದ್ದವನು ಇದನ್ನೇ ಹಿಡಿದುಕೊಂಡು ಪುರಸಭೆಗೆ ಓಡುತ್ತಿದ್ದ. ಮೇಷ್ಟ್ರೇ ಓಣಿಯಲ್ಲಿ ನಿಂತು ಕೇಳಿದರು: “ಅಲ್ಲಾ ಹಿಟ್ಟಣ್ಣ, ಗಿರಣಿ ನಿಂತಿದೆ. ಹಿಟ್ಟು ಎಲ್ಲಿಂದ ಬಂತು?”

ಹಿಟ್ಟಣ್ಣ ಬಾಯಿ ತೆರೆಯುವಷ್ಟರಲ್ಲಿ ಬಾವಮೈದ ಉತ್ತರ ಕೊಟ್ಟಿದ್ದ. “ಹಳೇ ಹಿಟ್ಟು ಮೇಷ್ಟ್ರೇ! ಅಷ್ಟು ನುಣ್ಣಗಿನದು ಒಂದೇ ಸಲಕ್ಕೆ ಕೆಳಗೆ ಬೀಳುತ್ತಾ? ಮೇಲೇ ತೇಲ್ತಾ ಇರುತ್ತೆ. ಈಗ ಒಂದೊಂದಾಗಿ ಇಳೀತಿದೆ.”

ಮೇಷ್ಟ್ರು ಗಾಬರಿಯಿಂದ ಆಕಾಶ ನೋಡಿದರು. ಹಿಟ್ಟಣ್ಣನೂ ನೋಡಿದ. ತನ್ನ ಹಿಟ್ಟು ಮೋಡದ ಹತ್ತಿರ ತೇಲುತ್ತಿದೆ ಎಂಬ ಯೋಚನೆಗೆ, ಅಷ್ಟು ದುಃಖದಲ್ಲೂ ಅವನ ಎದೆ ಒಂದಿಷ್ಟು ಉಬ್ಬಿತು. ಅಂದಿನಿಂದ ಟೈಲರಮ್ಮ ಛತ್ರಿ ಹಿಡಿದು ಓಡಾಡತೊಡಗಿದರು.

ವಿಚಾರಣೆಯ ದಿನ ಗಿರಣಿಯ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ಇನ್‌ಸ್ಪೆಕ್ಟರು ಒಬ್ಬರೇ ಬರಲಿಲ್ಲ, ಜೊತೆಗೆ ಕೃಷಿ ಇಲಾಖೆಯ ಗಿಡದ ಡಾಕ್ಟರನ್ನು ಕರೆತಂದಿದ್ದರು. ಹೆಗಲಿಗೆ ಚೀಲ ಹಾಕಿಕೊಂಡ, ಕೂದಲನ್ನು ಬಿಗಿಯಾಗಿ ಕಟ್ಟಿದ ಹೆಂಗಸು. ಆಕೆ ಯಾರ ಮಾತಿಗೂ ಕಾಯದೆ ಬಾಗಿಲಿಂದ ಒಂದು ಎಲೆ ಕಿತ್ತು, ಭೂತಗನ್ನಡಿ ಹಿಡಿದು ನೋಡಿ, “ಓಹೋ, ಇವರಾ!” ಎಂದರು, ಹಳೆಯ ಪರಿಚಯದವರನ್ನು ಕಂಡ ಹಾಗೆ.

“ಯಾರು ಮೇಡಂ?” ಎಂದರು ಇನ್‌ಸ್ಪೆಕ್ಟರು.

“ಇದು ಹಿಟ್ಟಲ್ಲ. ಬೂದಿ ರೋಗ. ಒಂದು ಜಾತಿ ಬೂಷ್ಟು. ಎರಿಸಿಫೇಸಿಯೆ ಅಂತ ಶಿಲೀಂಧ್ರಗಳ ಒಂದು ಇಡೀ ಕುಟುಂಬಾನೇ ಇದೆ. ಕುಟುಂಬದಲ್ಲಿ ಒಬ್ಬರಾದ್ರೂ ದುಡಿದು ತಿನ್ನೋರಿಲ್ಲ. ಜೀವ ಇರೋ ಎಲೆ ಮೇಲೆ ಕೂತು, ಒಳಗೆ ಕೊಳವೆ ಇಳಿಸಿ, ಇದ್ದದ್ದನ್ನ ಹೀರ್ಕೊಂಡು ಇರೋದೇ ಇವರ ಕೆಲಸ.”

ಹಿಟ್ಟಣ್ಣನ ಹೆಂಡತಿ ತನಗೆ ಅರಿವಿಲ್ಲದೆ ತಮ್ಮನ ಕಡೆ ನೋಡಿದಳು. ಅವನು ಮೋಟಾರಿನ ಹಿಂದೆ ಸರಿದು ನಿಂತ.

“ಕುಂಬಳದ ಮೇಲಿನದು ಗುಲಾಬಿಗೆ ಹೋಗಲ್ಲ, ಗುಲಾಬಿಯದು ಬಟಾಣಿಗೆ ಬರಲ್ಲ,” ಎಂದು ಗಿಡದ ಡಾಕ್ಟರು ಮುಂದುವರಿಸಿದರು. “ಅವರವರ ಮನೆ ಅವರವರಿಗೆ. ಗಾಳಿ ಆಡದ ಜಾಗ, ನೆರಳು, ಒತ್ತಾಗಿ ಬೆಳೆದ ಬಳ್ಳಿ, ಇಷ್ಟು ಸಿಕ್ಕಿದ್ರೆ ಇವರಿಗೆ ಹಬ್ಬ. ಕುಂಬಳ ಯಾರದು? ಬಳ್ಳಿ ಹೇಗೆ ಹಬ್ಬಿಸಿದೀರಿ?”

“ಮೇಷ್ಟ್ರದು,” ಎಂದರು ಯಾರೋ ಹಿಂದಿನಿಂದ.

“ಒತ್ತಾಗಿ,” ಎಂದರು ಮೇಷ್ಟ್ರು ಸಣ್ಣ ಧ್ವನಿಯಲ್ಲಿ. “ನೆರಳಿನಲ್ಲಿ.”

“ಬೆಂಚಿಗೆ ಇಷ್ಟು ಮಕ್ಕಳನ್ನ ಕೂರಿಸ್ತಿದ್ರಾ ಶಾಲೇಲಿ?”

ಮೇಷ್ಟ್ರು ತಲೆ ತಗ್ಗಿಸಿ ನಿಂತರು. ಬೀದಿಯ ಅರ್ಧ ಜನ ಅವರಿಂದ ಬೈಸಿಕೊಂಡವರೇ ಆದ್ದರಿಂದ ಈ ನೋಟವನ್ನು ಯಾರೂ ತಪ್ಪಿಸಿಕೊಳ್ಳಲಿಲ್ಲ.

ಇಷ್ಟಾದ ಮೇಲೆ ಯಾವ ಅಪರಾಧಿಯಾದರೂ ನಿಟ್ಟುಸಿರು ಬಿಟ್ಟು ಕೈಮುಗಿಯುತ್ತಿದ್ದ. ಹಿಟ್ಟಣ್ಣ ಮುಂದೆ ಬಂದು ಬಿಡುಗಡೆಗೇ ತಕರಾರು ತೆಗೆದ.

“ಮೇಡಂ, ಸರಿಯಾಗಿ ನೋಡಿ. ಬೂಷ್ಟು ಇಷ್ಟು ನುಣ್ಣಗಿರುತ್ತಾ? ಇದು ನಂದೇ ಹಿಟ್ಟು.”

“ನಿಮ್ಮದಲ್ಲಪ್ಪ.”

“ಈ ಗುಲಾಬಿಯದಾದ್ರೂ ನಂದು ಮೇಡಂ. ಮಂಗಳವಾರದ ಗೋಧಿ.”

ಗಿಡದ ಡಾಕ್ಟರು ಅವನನ್ನೂ ಒಮ್ಮೆ ಭೂತಗನ್ನಡಿಯಲ್ಲೇ ನೋಡಿದರು. ಆಮೇಲೆ ಚೀಲದಿಂದ ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಸೀಸೆ ತೆಗೆದು, ಗಿರಣಿಯ ಒಂದು ಚಿಟಿಕೆ ಹಿಟ್ಟಿನ ಮೇಲೆ ಒಂದು ಹನಿ ಬಿಟ್ಟರು. ಹಿಟ್ಟು ಎಲ್ಲರ ಕಣ್ಣೆದುರಿಗೆ ಶಾಯಿಯ ಹಾಗೆ ನೀಲಿಗಪ್ಪಾಯಿತು. ಎಲೆಯ ಪುಡಿಯ ಮೇಲೆ ಇನ್ನೊಂದು ಹನಿ ಬಿಟ್ಟರು. ಹನಿಯ ಕಂದು ಬಣ್ಣ ಹಾಗೇ ಉಳಿಯಿತು.

“ಹಿಟ್ಟಾಗಿದ್ರೆ ಕಪ್ಪಾಗಬೇಕಿತ್ತು,” ಎಂದರು.

“ಇನ್ನೊಂದ್ಸಲ ಹಾಕಿ ಮೇಡಂ,” ಎಂದ ಹಿಟ್ಟಣ್ಣ. ಇನ್ನೊಂದು ಸಲ ಹಾಕಿದರು. ಕುಂಬಳದ ಮೇಲೆ, ಸೌತೆಯ ಮೇಲೆ, ಬಟಾಣಿಯ ಮೇಲೆ ಹಾಕಿದರು. ಒಂದಾದರೂ ಅವನ ಮಾನ ಕಾಯಲಿಲ್ಲ.

ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡರು. “ಎಲೆ ವಿಚಾರ ಮುಗೀತು. ಆದ್ರೆ ಟೈಲರಮ್ಮನ ಕೆಮ್ಮಿನ ದೂರು ಹಾಗೇ ಇದೆ. ನಿನ್ನ ಹಿಟ್ಟು ರೇಷ್ಮೆಗಿಂತ ನುಣ್ಣಗಿದೆ, ಮನೆ ಮೇಲೆ ಹಾರುತ್ತೆ ಅಂತ ನೀನೇ ಹೇಳಿದೀಯ. ಅಷ್ಟು ದೂರ ಹಾರೋದು ಜನರ ಎದೆಗೂ ಇಳಿಯುತ್ತೆ. ಹಾಗಿದ್ರೆ ಗಿರಣಿ ಊರಾಚೆ ಹೋಗಬೇಕು. ನಿನ್ನ ಬಾಯಲ್ಲೇ ಹೇಳಿಬಿಡು. ಹಾರುತ್ತೋ, ಹಾರಲ್ವೋ?”

‘ಹಾರುತ್ತೆ’ ಎಂದರೆ ಇಟ್ಟಿಗೆ ಗೂಡು. ‘ಹಾರಲ್ಲ’ ಎಂದರೆ, ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಇಡೀ ಬೀದಿಯ ಮುಂದೆ ಬಿಚ್ಚಬೇಕು. ಅವನು ಸಹಾಯಕ್ಕೆಂದು ಬಾವಮೈದನ ಕಡೆ ನೋಡಿದ. ಹುಟ್ಟಿದಾಗಿನಿಂದ ಮೊದಲ ಸಲ ಬಾವಮೈದನ ಹತ್ತಿರ ಸಲಹೆ ಇರಲಿಲ್ಲ.

ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ಜರಡಿ, ಅದರಲ್ಲಿ ಆ ಬೆಳಿಗ್ಗೆ ಹಿಟ್ಟು ಸೋಸಿ ಉಳಿದ ತರಿ. ಗಂಡ ಹೇಳದಿದ್ದರೆ ತಾನೇ ತಂದು ಇನ್‌ಸ್ಪೆಕ್ಟರ ಮುಂದೆ ಸುರಿದುಬಿಡಬೇಕು ಎಂದು ನಿಶ್ಚಯಿಸಿಕೊಂಡು ಬಂದಿದ್ದಳು. ಆದರೆ ಗಂಡನ ಮುಖ ನೋಡಿದಳು. ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಮುಖ ಅದು. ಅವಳಿಗೆ ಮನಸ್ಸಾಗಲಿಲ್ಲ. ಜರಡಿಯನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟಳು. ಗಡಿಬಿಡಿಯಲ್ಲಿ ಒಂದಿಷ್ಟು ತರಿ ಕೆಳಗೆ ಚೆಲ್ಲಿತು, ಎಲ್ಲಿಂದಲೋ ಒಂದು ಕೋಳಿ ಓಡಿ ಬಂತು.

ಹಿಟ್ಟಣ್ಣ ಅದನ್ನು ನೋಡಿದ. ಗಿರಣಿ ಹೋದರೂ ಸರಿ, ತನ್ನ ಮಾನ ಹೋಗಬಾರದು ಎಂದು ಅವಳು ಜರಡಿ ಬಚ್ಚಿಟ್ಟಿದ್ದಾಳೆ ಎಂದು ಅವನಿಗೆ ಅರ್ಥವಾಯಿತು. ಅವನು ಬೇಗ ಅರ್ಥಮಾಡಿಕೊಂಡ ವಿಷಯಗಳು ಜೀವನದಲ್ಲಿ ಕಡಿಮೆ, ಇದು ಅವುಗಳಲ್ಲಿ ಒಂದು.

“ಹಾರಲ್ಲ ಸಾರ್,” ಎಂದ. ಮೋಟಾರು ನಿಂತಿದ್ದರೂ ಮೋಟಾರಿನ ಮೇಲೆ ಮಾತಾಡುವ ಧ್ವನಿಯೇ ಬಂತು, ಇಡೀ ಬೀದಿಗೆ ಕೇಳಿಸಿತು. “ನನ್ನ ಹಿಟ್ಟು ತರಿ. ನನ್ನ ಹೆಂಡತಿ ದಿನಾ ಜರಡಿ ಹಿಡೀತಾಳೆ.”

“ಬರೀ ಬಾಯಿಮಾತು ಸಾಲದು,” ಎಂದರು ಇನ್‌ಸ್ಪೆಕ್ಟರು. ಟೈಲರಮ್ಮನ ಅಂಗಡಿಯಿಂದ ಹೊಸ ಕಪ್ಪು ಬಟ್ಟೆ ತರಿಸಿ ಹೊಸ್ತಿಲಾಚೆ ಹಾಸಿದರು. ಅರಗು ಒಡೆದು ಮೋಟಾರು ಹಾಕಿಸಿದರು. ಗೋಧಿ ಸುರಿದು ಬೀಸಿದ್ದಾಯಿತು. ಎಲ್ಲರೂ ಬಗ್ಗಿ ಬಟ್ಟೆ ನೋಡಿದರು. ಬಟ್ಟೆ ಕಪ್ಪಗೇ ಇತ್ತು. ಹೊಸ್ತಿಲಿನ ಒಳಗೆ ಹಾಸಿ ನೋಡಿದರು, ಕಪ್ಪಗೇ ಇತ್ತು. ಕೊನೆಗೆ ಯಂತ್ರದ ಬುಡಕ್ಕೇ ತಂದಾಗ ಒಂದು ತರಿ ಬಿತ್ತು. ಬಿದ್ದ ಸದ್ದು ಕೇಳಿಸಿತೆಂದು ಹಿಂದೆ ನಿಂತಿದ್ದವರು ಈಗಲೂ ಹೇಳುತ್ತಾರೆ.

“ಈ ಹಿಟ್ಟಿನಿಂದ ಯಾರಿಗೂ ಅಪಾಯ ಇಲ್ಲ,” ಎಂದು ಇನ್‌ಸ್ಪೆಕ್ಟರು ಘೋಷಿಸಿದರು. “ಗಿರಣಿ ಇಲ್ಲೇ ಇರಬಹುದು.” ಟೈಲರಮ್ಮನ ಕೆಮ್ಮು ಅಲ್ಲಿಗೇ ನಿಂತಿತು.

ಹಿಟ್ಟಣ್ಣ ಮೋಟಾರು ಆರಿಸಿ, ಜನ ನಗಲಿ ಎಂದು ಕಾಯುತ್ತಾ ನಿಂತ. ಯಾರೂ ನಗಲಿಲ್ಲ. ಅವನಿಗೆ ಅದು ಇನ್ನೂ ಕಷ್ಟವಾಯಿತು.

“ಈಗ ಎಲ್ಲರಿಗೂ ಗೊತ್ತಾಯ್ತಲ್ಲ,” ಎಂದ.

“ಏನು ಗೊತ್ತಾಯ್ತು?” ಎಂದರು ಮೇಷ್ಟ್ರು.

“ನನ್ನ ಹಿಟ್ಟು ತರಿ ಅಂತ.”

“ಅದು ಮೊದಲೇ ಗೊತ್ತಿತ್ತಲ್ಲಪ್ಪ.”

“ಯಾವಾಗಿಂದ?”

“ನಿಮ್ಮಪ್ಪನ ಕಾಲದಿಂದ. ಅವರದ್ದು ಇನ್ನೂ ತರಿ ಇತ್ತು.”

ಜನರೆಲ್ಲ ತಲೆಯಾಡಿಸಿದರು. ಬೀದಿಯ ಪ್ರತಿ ಅಡುಗೆಮನೆಯಲ್ಲೂ ಒಂದೊಂದು ಜರಡಿ ಮೊಳೆಗೆ ತೂಗುತ್ತಿತ್ತಂತೆ. ಹಿಟ್ಟಣ್ಣ ಬೆಪ್ಪಾಗಿ ಒಬ್ಬೊಬ್ಬರನ್ನೇ ನೋಡಿದ.

“ಗೊತ್ತಿದ್ದೂ ಯಾಕೆ ಬರ್ತಿದ್ರಿ ನನ್ನ ಹತ್ರ?”

ಟೈಲರಮ್ಮ ಕಪ್ಪು ಬಟ್ಟೆ ಮಡಚುತ್ತಾ ಹೇಳಿದರು: “ಗಿರಣಿ ಬಂದ್ ಆದಾಗ ಆ ಹೊಸ ಗಿರಣಿಗೆ ಹೋಗಿದ್ದೆ ಕಣಣ್ಣ. ಹಿಟ್ಟೇನೋ ರೇಷ್ಮೆ ಥರಾನೇ ಇದೆ, ಸುಳ್ಳು ಯಾಕೆ ಹೇಳ್ಲಿ. ಡಬ್ಬ ಇಟ್ರೆ ಚೀಟಿ ಕೊಡ್ತಾರೆ, ಚೀಟಿ ಕೊಟ್ರೆ ಡಬ್ಬ ಕೊಡ್ತಾರೆ. ಮಗಳಿಗೆ ಹೆರಿಗೆ ಆಯ್ತಾ ಅಂತ ಒಬ್ಬರೂ ಕೇಳ್ಲಿಲ್ಲ.”

“ಆಯ್ತಾ?” ಎಂದ ಹಿಟ್ಟಣ್ಣ ತಟ್ಟನೆ.

“ಹೆಣ್ಣು ಮಗು!” ಎಂದರು ಟೈಲರಮ್ಮ. ಹೇಳಲು ಜನ ಸಿಗದೆ ಇಷ್ಟು ದಿನ ತಡೆದಿದ್ದ ಸಂತೋಷವೆಲ್ಲ ಒಮ್ಮೆಗೇ ಹೊರಬಂದು ಅವರ ಕಣ್ಣು ಒದ್ದೆಯಾಯಿತು. ಹಿಟ್ಟಣ್ಣನ ಹೆಂಡತಿ ಜರಡಿಯನ್ನು ಅಲ್ಲೇ ಬಿಟ್ಟು ಎಲ್ಲರಿಗೂ ಟೀ ಇಡಲು ಒಳಗೆ ಹೋದಳು.

ಗಿಡದ ಡಾಕ್ಟರು ಮೇಷ್ಟ್ರ ಬಳ್ಳಿಗೆ ಗಂಧಕದ ಪುಡಿ ಹೇಳಿ, ಅರ್ಧ ಎಲೆಗಳನ್ನು ಕತ್ತರಿಸಿ ಬೆಳಕು ಗಾಳಿ ಆಡುವಂತೆ ಮಾಡಿ ಹೊರಟರು. ಹೊರಡುವಾಗ ಹಿಟ್ಟಣ್ಣ ಬಾಗಿಲವರೆಗೆ ಹೋಗಿ ಪಿಸುದನಿಯಲ್ಲಿ ಕೇಳಿದನಂತೆ: “ಮೇಡಂ, ಆ ಬೂಷ್ಟಿನೋರು ಅಷ್ಟು ನುಣ್ಣಗೆ ಹೇಗೆ ಮಾಡ್ತಾರೆ?”

“ಅವರು ಮಾತಾಡಲ್ಲ,” ಎಂದು ಆಕೆ ಹೇಳಿದರಂತೆ.

ಪ್ರದರ್ಶನದಲ್ಲಿ ಮೇಷ್ಟ್ರ ಕುಂಬಳಕ್ಕೆ ಈ ಸಲ ಮೂರನೇ ಸ್ಥಾನ ಬಂತು. ತೀರ್ಪುಗಾರರ ತಕ್ಕಡಿಯೇ ಸರಿಯಿಲ್ಲ ಎಂಬ ದೂರಿನೊಡನೆ, ಒಂದು ಡಬ್ಬ ಗೋಧಿಯನ್ನೂ ಹೊತ್ತು, ಅವರು ಮಾರನೆಯ ಬೆಳಿಗ್ಗೆ ಗಿರಣಿಗೆ ಬಂದರು. ಹಿಟ್ಟಣ್ಣ ಡಬ್ಬ ತೆಗೆದುಕೊಂಡ. ಗೋಧಿಯನ್ನು ಯಂತ್ರಕ್ಕೆ ಸುರಿಯುವ ಮುನ್ನ ತಿರುಪಿನ ಮೇಲೆ ಕೈಯಿಟ್ಟು ತಡೆದ. ಇಷ್ಟು ವರ್ಷಗಳಲ್ಲಿ ಯಾರನ್ನೂ ಕೇಳುವ ಧೈರ್ಯವಾಗದ ಪ್ರಶ್ನೆಯನ್ನು ಅಂದು ಮೊದಲ ಸಲ ಕೇಳಿದ.

“ಮೇಷ್ಟ್ರೇ, ಹಿಟ್ಟು ಹೇಗಿರಬೇಕು?”

ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು.

“ನಿಮಗೆ ಹೇಗೆ ಬರುತ್ತೋ ಹಾಗೆ,” ಎಂದರು. “ಮೊದಲು ಆ ತಕ್ಕಡಿ ವಿಷಯ ಕೇಳಿ.”

ಹಿಟ್ಟಣ್ಣ ತಿರುಪಿನಿಂದ ಕೈ ತೆಗೆದು, ಮೋಟಾರು ಹಾಕಿ, “ಹೇಳಿ ಮೇಷ್ಟ್ರೇ, ಜೋರಾಗಿ ಹೇಳಿ,” ಎಂದ.